ತುಪ್ಪ ಯಾಕೆ ಮರಳು ಮರಳಾಗುತ್ತೆ?

ಊರಿಂದ ಅಮ್ಮ ಕಳಿಸಿದ ತುಪ್ಪ ಒಮ್ಮೆ ಮರಳು ಮರಳಾಗಿರುತ್ತೆ, ಇನ್ನೊಮ್ಮೆ ನುಣ್ಣಗೆ. ಎರಡೂ ಅದೇ ತುಪ್ಪ, ಆರಿದ ವೇಗ ಮಾತ್ರ ಬೇರೆ. ಮೆಟೀರಿಯಲ್ ಸೈನ್ಸ್ ಪೇಪರ್‌ಗೆ ನಾವು ಬಾಯಿಪಾಠ ಮಾಡೋ ‘ನ್ಯೂಕ್ಲಿಯೇಶನ್ ಮತ್ತು ಗ್ರೋತ್’ ಅಂದ್ರೆ ಇದೇ.

ಮೊದಲು ನೀರನ್ನು ನೋಡೋಣ. 0 ಡಿಗ್ರಿಗೆ ನೀರು ಗಟ್ಟಿಯಾಗಲೇಬೇಕು ಅಂತ ನಮ್ಮ ನಂಬಿಕೆ. ಆದರೆ ಶುದ್ಧ ನೀರಿನ ಸಣ್ಣ ಹನಿಗಳು ಸುಮಾರು ಮೈನಸ್ 38 ಡಿಗ್ರಿವರೆಗೂ ದ್ರವವಾಗಿಯೇ ಉಳಿಯಬಲ್ಲವು. ಹೇಗೆ?

ಮಂಜುಗಡ್ಡೆ ಶುರುವಾಗಬೇಕಾದರೆ ಕೆಲವು ಅಣುಗಳು ಸೇರಿ ಪುಟ್ಟ ಗುಂಪು ಕಟ್ಟಬೇಕು. ಗುಂಪು ಕಟ್ಟಿದರೆ ಶಕ್ತಿಯ ಲೆಕ್ಕದಲ್ಲಿ ಲಾಭವಿದೆ. ಅದು ತ್ರಿಜ್ಯದ ಘನಕ್ಕೆ ತಕ್ಕಂತೆ ಏರುತ್ತೆ. ಆದರೆ ಹೊಸ ಮೇಲ್ಮೈಗೆ ಖರ್ಚೂ ಇದೆ. ಅದು ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತೆ. ಗುಂಪು ಚಿಕ್ಕದಿದ್ದಾಗ ಖರ್ಚೇ ಜಾಸ್ತಿ, ಹಾಗಾಗಿ ಮತ್ತೆ ಕರಗಿಹೋಗುತ್ತೆ. ಒಂದು ಗಾತ್ರ ದಾಟಿತೋ, ಬೆಳೆದಷ್ಟೂ ಲಾಭ. ಆ ಗಡಿಯೇ ಕ್ರಿಟಿಕಲ್ ರೇಡಿಯಸ್:

ತ್ರಿಜ್ಯ = (2 × ಮೇಲ್ಮೈ ಶಕ್ತಿ × ಕರಗುವ ತಾಪಮಾನ) ÷ (ಗುಪ್ತೋಷ್ಣ × ತಾಪಮಾನದ ಇಳಿಕೆ)

ಮೇಲ್ಮೈ ಶಕ್ತಿ ಚದರ ಮೀಟರಿಗೆ ಸುಮಾರು 0.03 ಜೂಲ್, ತಾಪಮಾನ 273 ಕೆಲ್ವಿನ್, ಗುಪ್ತೋಷ್ಣ ಘನ ಮೀಟರಿಗೆ ಸುಮಾರು 30 ಕೋಟಿ ಜೂಲ್ ಅಂತ ಹಾಕಿ. 10 ಡಿಗ್ರಿ ಇಳಿದಾಗ ತ್ರಿಜ್ಯ 5 ನ್ಯಾನೋಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದ್ರೆ ಸುಮಾರು 20 ಸಾವಿರ ಅಣುಗಳು ಆಕಸ್ಮಿಕವಾಗಿ ಒಟ್ಟಿಗೆ ಸಾಲಾಗಿ ನಿಲ್ಲಬೇಕು. ಆಗೋ ಮಾತಲ್ಲ. 38 ಡಿಗ್ರಿ ಇಳಿದಾಗ ಕೆಲವೇ ನೂರು ಸಾಕು.

ಹಾಗಾದ್ರೆ ನಮ್ಮ ಫ್ರೀಜರಿನಲ್ಲಿ ನೀರು ಇಷ್ಟು ಸುಲಭವಾಗಿ ಹೆಪ್ಪುಗಟ್ಟೋದು ಹೇಗೆ? ಧೂಳು, ಪಾತ್ರೆಯ ಗೋಡೆ ಸಿದ್ಧ ಮೇಲ್ಮೈ ಕೊಟ್ಟು ಖರ್ಚು ಇಳಿಸುತ್ತವೆ. 1946ರಲ್ಲಿ ಬರ್ನಾರ್ಡ್ ವೊನೆಗಟ್ ಇದಕ್ಕೆ ಸಿಲ್ವರ್ ಅಯೋಡೈಡ್ ಒಳ್ಳೆಯ ಬೀಜ ಅಂತ ಕಂಡುಕೊಂಡರು. ಅದರ ಹರಳಿನ ರಚನೆ ಮಂಜುಗಡ್ಡೆಯದಕ್ಕೆ ಹತ್ತಿರ. ಮೋಡ ಬಿತ್ತನೆಯ ‘ಬಿತ್ತನೆ’ ಅಂದ್ರೆ ಇದೇ.

ಈಗ ತುಪ್ಪಕ್ಕೆ ಬನ್ನಿ. ನಿಧಾನ ಆರಿದರೆ ಬೀಜಗಳು ಕಡಿಮೆ, ಪ್ರತಿಯೊಂದಕ್ಕೂ ಬೆಳೆಯೋಕೆ ಸಮಯ, ದೊಡ್ಡ ಹರಳು. ಬೇಗ ಆರಿದರೆ ಬೀಜಗಳು ಅಸಂಖ್ಯ, ಹರಳು ಸಣ್ಣ. ಲೋಹದ ಎರಕದಲ್ಲೂ ಇದೇ ಕಥೆ: ಕರಗಿದ ಅಲ್ಯೂಮಿನಿಯಂಗೆ ಟೈಟಾನಿಯಂ-ಬೋರಾನ್ ಸೇರಿಸೋದು ಬೀಜ ಹೆಚ್ಚಿಸೋಕೆ. ಕಣ ಸಣ್ಣದಾದಷ್ಟೂ ಸಾಮಾನ್ಯವಾಗಿ ಲೋಹ ಗಟ್ಟಿ.

ಪರೀಕ್ಷೆಗೆ ಮುಂಚೆ ಒಂದು ಕೆಲಸ ಮಾಡಿ. ತುಪ್ಪ ಪೂರ್ತಿ ಕರಗಿಸಿ ಎರಡು ಬಟ್ಟಲಿಗೆ ಹಾಕಿ. ಒಂದು ಫ್ರಿಜ್ಜಿಗೆ, ಇನ್ನೊಂದು ಬಟ್ಟೆ ಸುತ್ತಿ ಹೊರಗೆ. ಮಾರನೇ ದಿನ ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿ. ಆಮೇಲೆ ಆ ಗ್ರಾಫ್ ಮರೆಯೋದು ಕಷ್ಟ.