ಮಾವಿನ ತೋಪಿನ ತಳಿಗಳೂ ಅವುಗಳ ಸದುಪಯೋಗವೂ

ಮಾವಿನ ತೋಪು ಒಮ್ಮೆ ಊರ್ಜಿತವಾದರೆ ಎರಡು ಮೂರು ತಲೆಮಾರುಗಳ ಕಾಲ ನಿಲ್ಲತಕ್ಕ ಆಸ್ತಿ. ರಾಗಿಯ ಬೀಜದ ಆಯ್ಕೆಯಲ್ಲಿ ತಪ್ಪಾದರೆ ಮರುವರ್ಷವೇ ತಿದ್ದಿಕೊಳ್ಳಬಹುದು. ಮಾವಿನ ಸಸಿಯ ಆಯ್ಕೆಯಲ್ಲಿ ತಪ್ಪಾದರೆ ಅದರ ನಷ್ಟವನ್ನು ಮಕ್ಕಳೂ ಅನುಭವಿಸಬೇಕಾಗುತ್ತದೆ. ಆದಕಾರಣ ಹಣ್ಣು ಯಾವ ಉಪಯೋಗಕ್ಕೆ ಹೋಗಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಅನಂತರ ತಳಿಯನ್ನು ಆರಿಸತಕ್ಕದ್ದು. ನಮ್ಮ ಸೀಮೆಯ ಮುಖ್ಯ ತಳಿಗಳ ಗುಣದೋಷಗಳನ್ನು ಈ ಕೆಳಗೆ ವಿವರಿಸಿದೆ.

1. ಬಾದಾಮಿ. ಧಾರವಾಡದ ಕಡೆ ಇದಕ್ಕೆ ಆಪೂಸ್ ಎಂದು ಹೆಸರು. ಬಣ್ಣ, ಪರಿಮಳ, ರುಚಿ ಮೂರೂ ಕೂಡಿದ ಹಣ್ಣು. ನಾರಿಲ್ಲ, ಕಿತ್ತ ಮೇಲೆ ಕೆಲವು ದಿನ ಕೆಡದೆ ಇರುವುದರಿಂದ ದೂರದ ಪೇಟೆಗೂ ಡಬ್ಬಿಯಲ್ಲಿ ತುಂಬುವ ತಿರುಳಿಗೂ ಯೋಗ್ಯ. ಆದರೆ ಒಂದು ವರ್ಷ ಚೆನ್ನಾಗಿ ಫಲಿಸಿದ ಮರವು ಮರುವರ್ಷ ಸಾಮಾನ್ಯವಾಗಿ ಕಡಮೆ ಬಿಡುತ್ತದೆ. ಇದಲ್ಲದೆ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ತಿರುಳು ಬಿಳಿಚಿ ಸ್ಪಂಜಿನಂತಾಗುವ ದೋಷವೂ ಇದಕ್ಕುಂಟು. ನೆಲದ ಕಾವು ಇದನ್ನು ಹೆಚ್ಚಿಸುತ್ತದೆ. ಮರದ ಬುಡದಲ್ಲಿ ಒಣಹುಲ್ಲು, ತರಗುಗಳನ್ನು ಹೊದಿಸುವುದೂ, ಕಾಯಿ ಬಲಿತೊಡನೆ ಮರದಲ್ಲಿ ಹಣ್ಣಾಗಲು ಬಿಡದೆ ಕೀಳುವುದೂ ಉತ್ತಮ.

2. ರಸಪುರಿ. ಹೆಸರಿಗೆ ತಕ್ಕಂತೆ ರಸಭರಿತ. ಸೀಕರಣೆಗೂ, ಬಿಸಿಲಿನಲ್ಲಿ ಒಣಗಿಸುವ ರಸದ ಹಪ್ಪಳಕ್ಕೂ ಇದು ಬಲು ಒಪ್ಪುವ ಹಣ್ಣು. ಬಹಳ ದಿನ ನಿಲ್ಲದು. ಆದುದರಿಂದ ಪಟ್ಟಣಕ್ಕೆ ಹತ್ತಿರವಿರುವ ತೋಪಿನವರು ಮಾತ್ರ ಇದನ್ನು ಹೆಚ್ಚಾಗಿ ನೆಡತಕ್ಕದ್ದು.

3. ತೋತಾಪುರಿ. ಗಿಣಿಮೂತಿ ಎಂತಲೂ ಕರೆಯುವರು. ಪ್ರತಿವರ್ಷವೂ ಹೇರಳವಾಗಿ ಫಲಿಸುತ್ತದೆ. ತೊಗಟೆ ಗಟ್ಟಿ, ಸಾಗಾಣಿಕೆಗೆ ಅನುಕೂಲ. ತಿನ್ನುವುದರಲ್ಲಿ ಬಾದಾಮಿಗೆ ಸಾಟಿಯಲ್ಲದಿದ್ದರೂ ತಿರುಳಿನ ಕಾರ್ಖಾನೆಗಳಿಗೆ ಇದೇ ಮುಖ್ಯ ಆಧಾರ. ಎಳೆಯದರಲ್ಲಿ ಉಪ್ಪುಕಾರ ಹಚ್ಚಿ ತಿನ್ನುವುದಕ್ಕೂ ಚೆನ್ನ. ಆದರೆ ಕಾರ್ಖಾನೆಯವರ ಬೇಡಿಕೆ ಕುಗ್ಗಿದ ವರ್ಷ ಇದೊಂದನ್ನೇ ನೆಟ್ಟವರಿಗೆ ಬೇರೆ ದಾರಿಯಿರುವುದಿಲ್ಲ.

4. ಮಲಗೋವ, ನೀಲಂ. ಇವೆರಡೂ ತಡವಾಗಿ ಮಾಗುವುವು. ಮಲಗೋವದ ಹಣ್ಣು ದೊಡ್ಡದು, ಬಲು ರುಚಿ. ಆದರೆ ಫಲ ಕಡಮೆ. ಮನೆಯ ಬಳಕೆಗೆ ನಾಲ್ಕಾರು ಮರಗಳು ಸಾಕು. ನೀಲಂ ವರ್ಷವರ್ಷವೂ ಬಿಡುವುದು, ಸಾಗಾಣಿಕೆಯನ್ನು ತಾಳುವುದು. ಇತರ ಹಣ್ಣುಗಳು ಮುಗಿದ ಮೇಲೆ ಪೇಟೆಗೆ ಬರುವುದರಿಂದ ಬೆಲೆಯ ಅನುಕೂಲವೂ ಉಂಟು. ಮಳೆ ಹಿಡಿದ ಮೇಲೆ ಹಣ್ಣುನೊಣದ ಕಾಟ ಹೆಚ್ಚುವುದರಿಂದ, ಉದುರಿದ ಹಣ್ಣುಗಳನ್ನು ದಿನವೂ ಆರಿಸಿ ಆಳವಾಗಿ ಹೂಳಬೇಕು.

5. ಮಲ್ಲಿಕಾ. ನೀಲಂ ಮತ್ತು ದಶೇರಿ ತಳಿಗಳ ಸಂಕರದಿಂದ ಹುಟ್ಟಿದುದು. ತಿರುಳು ಹೆಚ್ಚು, ಓಟೆ ತೆಳು, ಸಿಹಿ ವಿಶೇಷ. ತಿನ್ನುವುದಕ್ಕೂ ಹಣ್ಣಿನ ಪಾನಕಕ್ಕೂ ಒಪ್ಪುತ್ತದೆ.

6. ಅಪ್ಪೆಮಿಡಿ. ಇದು ಮಲೆನಾಡಿನ ಹೊಳೆದಂಡೆಗಳ ಸಂಪತ್ತು. ಎಳೆಯ ಮಿಡಿಯನ್ನು ಇಡಿಯಾಗಿ ಉಪ್ಪಿನಲ್ಲಿ ಹಾಕಿ ಉಪ್ಪಿನಕಾಯಿ ಮಾಡುವರು. ಇದರ ವಿಶೇಷ ಪರಿಮಳವು ಸೊನೆಯಲ್ಲಿದೆ. ಮಿಡಿಗಾಗಿ ಕೊಂಬೆಗಳನ್ನೇ ಕಡಿದುರುಳಿಸುವ ಕೆಟ್ಟ ಪದ್ಧತಿಯಿಂದ ಉತ್ತಮ ಮರಗಳು ನಶಿಸುತ್ತಿವೆ. ಊರಿನ ಮುಖಂಡರು ಇದನ್ನು ತಡೆದು, ಒಳ್ಳೆಯ ಮರಗಳಿಂದ ಕಸಿ ಗಿಡಗಳನ್ನು ಮಾಡಿಸಿ ವಂಶವನ್ನು ಉಳಿಸಬೇಕು.

ತೋಪಿನ ಏರ್ಪಾಡು. 33 ಅಡಿಗೆ ಒಂದರಂತೆ ಸಾಲಿಟ್ಟರೆ ಎಕರೆಗೆ ಸುಮಾರು 40 ಗಿಡಗಳು ಹಿಡಿಯುವುವು. ಇವೆಲ್ಲವೂ ಒಂದೇ ತಳಿಯಾಗಿರುವುದು ಕ್ಷೇಮಕರವಲ್ಲ. ಮಾವಿನ ಕೆಲವು ತಳಿಗಳು ಸ್ವಂತ ಪರಾಗದಿಂದ ಸರಿಯಾಗಿ ಕಾಯಿ ಕಟ್ಟಲಾರವು. ಬೇರೆ ತಳಿಯು ನೆರೆಯಲ್ಲಿದ್ದರೆ ಫಸಲು ಉತ್ತಮವಾಗುವುದು. ಇದಕ್ಕಿಂತ ಮುಖ್ಯವಾದುದೆಂದರೆ, ಮೊದಲು ಮಾಗುವುದು, ನಡುವೆ ಮಾಗುವುದು, ತಡವಾಗಿ ಮಾಗುವುದು ಎಂದು ಮೂರು ಬಗೆಯ ಮರಗಳಿದ್ದರೆ ಕೊಯ್ಲು ಒಂದೇ ವಾರದಲ್ಲಿ ಮುಗಿದುಹೋಗದೆ, ಆಳುಗಳೂ ಪೇಟೆಯೂ ಅನುಕೂಲಕ್ಕೆ ದೊರೆಯುವುವು.

ಗುತ್ತಿಗೆಯ ವಿಚಾರ. ಹೂವು ಕಂಡಾಗಲೇ ತೋಪನ್ನು ಮೊತ್ತವಾಗಿ ಗುತ್ತಿಗೆಗೆ ಕೊಡುವ ರೂಢಿ ನಮ್ಮಲ್ಲಿ ಬಹಳವಾಗಿದೆ. ಗಾಳಿಮಳೆಗಳ ಭಯ ತಪ್ಪುವುದೆಂಬುದು ನಿಜ. ಆದರೆ ಆಗ ಬಾದಾಮಿಗೂ ತೋತಾಪುರಿಗೂ ಭೇದವಿಲ್ಲದೆ ಬೆಲೆ ಕಟ್ಟಲ್ಪಡುವುದು. ಅವಸರದಿಂದ ಬಲಿಯದ ಕಾಯಿಗಳೂ ಕೀಳಲ್ಪಡುವುವು. ಗುತ್ತಿಗೆ ಕೊಡಲೇಬೇಕಾದವರು ತಳಿವಾರು ಮರಗಳನ್ನು ಎಣಿಸಿ, ಪ್ರತ್ಯೇಕವಾಗಿ ಬೆಲೆ ಗೊತ್ತುಮಾಡಿ ಕರಾರು ಬರೆಸತಕ್ಕದ್ದು.

ಕೊಯ್ಲು. ತೊಟ್ಟಿನ ಸುತ್ತ ಹೆಗಲು ಉಬ್ಬಿದ ಕಾಯಿ ಬಲಿತದ್ದು. ಒಂದೆರಡು ಕಾಯಿಗಳನ್ನು ನೀರಿನಲ್ಲಿ ಹಾಕಿ ನೋಡಿದರೆ, ಬಲಿತದ್ದು ಮುಳುಗುವುದು, ಎಳೆಯದು ತೇಲುವುದು. ಬಲೆ ಕಟ್ಟಿದ ದೋಟಿಯಿಂದ ತೊಟ್ಟುಸಹಿತ ಕಿತ್ತು, ಸೊನೆ ಸಿಪ್ಪೆಗೆ ತಗಲದಂತೆ ತೊಟ್ಟನ್ನು ಕೆಳಮುಖ ಮಾಡಿ ನೆರಳಿನಲ್ಲಿ ಇಡತಕ್ಕದ್ದು. ಒಣಹುಲ್ಲಿನಲ್ಲಿ ಹರಡಿ ಮಾಗಿಸುವುದು ಒಳ್ಳೆಯದು. ಕಾರ್ಬೈಡಿನ ಹೊಗೆಯಿಂದ ಮಾಗಿಸುವುದು ಆರೋಗ್ಯಕ್ಕೆ ಹಾನಿಕರವಾದುದರಿಂದ ಕಾನೂನಿನಲ್ಲಿ ನಿಷೇಧಿಸಲ್ಪಟ್ಟಿದೆ.

ಹಳೆಯ ನಾಟಿ ಮರಗಳಿದ್ದವರು ಅವನ್ನು ಕಡಿಯಬೇಕಾದುದಿಲ್ಲ. ಕೊಂಬೆಗಳನ್ನು ಸವರಿ, ಹೊಸದಾಗಿ ಬಂದ ಚಿಗುರುಗಳಿಗೆ ಬೇಕಾದ ತಳಿಯ ಕಸಿಯನ್ನು ಕಟ್ಟಿದರೆ ಕೆಲವೇ ವರ್ಷಗಳಲ್ಲಿ ಅದೇ ಮರ ಉತ್ತಮ ಫಲವನ್ನು ಕೊಡುವುದು. ಉಪ್ಪಿನಕಾಯಿಗೆ ಹುಳಿಯಾದ ನಾಟಿ ಕಾಯಿಗಳೇ ಲೇಸಾದುದರಿಂದ ಒಂದೆರಡು ಮರಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಊರಿನ ಗುಂಡುತೋಪುಗಳಲ್ಲಿಯೂ ಮುಖಂಡರು ಇದೇ ಕ್ರಮವನ್ನು ಅನುಸರಿಸಿ, ಮುಂಗಾರಿಗೆ ಮುಂಚೆಯೇ ಮರಗಳ ತಳಿವಾರು ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುವುದು ಅಪೇಕ್ಷಣೀಯ.