ಪಾಠ: ನಿಮ್ಮ ಅಡುಗೆಮನೆಗೆ ಎಂಥ ಬಸ್‌ಬಾರ್ ಬೇಕು?



ಹೊಸ ಅಡುಗೆಮನೆ ಮಾಡುವಾಗ ಒಲೆ, ಗ್ರೈಂಡರ್, ಪಾತ್ರೆಗಳ ಬೆಲೆಯನ್ನು ನಾಲ್ಕು ಕಡೆ ವಿಚಾರಿಸುತ್ತೇವೆ. ಕರೆಂಟ್ ಪ್ಯಾನೆಲ್ ವಿಷಯವನ್ನು ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಟ್ಟುಬಿಡುತ್ತೇವೆ. ಆ ಪ್ಯಾನೆಲ್ ಒಳಗಿರುವ ತಾಮ್ರ ಅಥವಾ ಅಲ್ಯೂಮಿನಿಯಂ ಪಟ್ಟಿಯೇ ಬಸ್‌ಬಾರ್. ಮೇನ್ ಕೇಬಲ್‌ನಿಂದ ಬಂದ ವಿದ್ಯುತ್ತು ಎಲ್ಲ ಯಂತ್ರಗಳಿಗೂ ಹಂಚಿಕೆಯಾಗುವುದು ಇದರಿಂದಲೇ. ಮದುವೆಯ ದಿನ ಇದು ಸುಟ್ಟರೆ ಗ್ರೈಂಡರ್, ಎಕ್ಸಾಸ್ಟ್, ಕೋಲ್ಡ್ ರೂಮ್ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಮೊದಲು ಲೋಡ್ ಲೆಕ್ಕ

ಒಂದೇ ಹೊತ್ತಿಗೆ ಓಡುವ ಯಂತ್ರಗಳ ಕಿಲೋವ್ಯಾಟ್ ಕೂಡಿಸಿ. 415 ವೋಲ್ಟ್ ತ್ರೀ ಫೇಸ್‌ನಲ್ಲಿ, ಪವರ್ ಫ್ಯಾಕ್ಟರ್ 0.9 ಇದ್ದರೆ, ಒಂದು ಕಿಲೋವ್ಯಾಟ್‌ಗೆ ಪ್ರತಿ ಫೇಸ್‌ನಲ್ಲಿ ಸುಮಾರು 1.55 ಆಂಪಿಯರ್ ಹರಿಯುತ್ತದೆ. 60 ಕಿಲೋವ್ಯಾಟ್ ಎಂದರೆ 93 ಆಂಪಿಯರ್. ಮುಂದೆ ಕೊಳ್ಳುವ ಯಂತ್ರಗಳಿಗೆಂದು ಕಾಲು ಭಾಗ ಸೇರಿಸಿದರೆ 116.

ಇಷ್ಟಕ್ಕೆ 125 ಆಂಪಿಯರ್ ಸಾಕಲ್ಲವೇ ಎನ್ನಬಹುದು. ಆದರೆ ಸಾಮಾನ್ಯ ಪ್ಯಾನೆಲ್‌ಗಳ ಅಳತೆ ಸುತ್ತಲಿನ ಗಾಳಿ 40 ಡಿಗ್ರಿ ಮೀರದ ಜಾಗಕ್ಕೆ ಕೊಟ್ಟದ್ದು. ಹೈದರಾಬಾದಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ ಅಷ್ಟು ಬಿಸಿ. ಒಲೆಯ ಹತ್ತಿರ ಇನ್ನೂ ಹೆಚ್ಚು. ಆದ್ದರಿಂದ 160 ಆಂಪಿಯರ್‌ನದನ್ನು ಕೇಳಿ. ಬಸ್‌ಬಾರ್ ದೊಡ್ಡದಾದರೂ ಬ್ರೇಕರ್ ಮಾತ್ರ ಕೇಬಲ್‌ನ ಶಕ್ತಿಗೆ ತಕ್ಕಂತೆಯೇ ಇರಲಿ.

ಜಾಗಕ್ಕೆ ತಕ್ಕ ಆಯ್ಕೆ

1. ಚಿಕ್ಕ ಮೆಸ್, ಮನೆ ಅಡುಗೆ ಘಟಕ: ಎಂಸಿಬಿ ಬಾಕ್ಸ್ ಜೊತೆಗೆ ಬರುವ, ಮುಚ್ಚಿದ ತಾಮ್ರದ ಬಸ್‌ಬಾರ್ ಸಾಕು. ವೈರ್ ತುಂಡುಗಳಿಂದ ಒಂದಕ್ಕೊಂದು ಜೋಡಿಸುವುದು ಬೇಡ.

2. ಸೆಂಟ್ರಲ್ ಕಿಚನ್: ಪ್ಯಾನೆಲ್ ಅನ್ನು ಹಬೆ, ಎಣ್ಣೆ ಜಿಡ್ಡು ತಾಗದ ಪ್ರತ್ಯೇಕ ಕೋಣೆಯಲ್ಲಿಡಿ. ಅಡುಗೆ ಜಾಗದಲ್ಲೇ ಇಡಬೇಕಾದರೆ ಕನಿಷ್ಠ ಐಪಿ 54 ಬೇಕು. ನೀರು ಹೊಡೆದು ತೊಳೆಯುವ ಜಾಗಕ್ಕೆ ಐಪಿ 65. ಯಂತ್ರಗಳ ಜಾಗ ಆಗಾಗ ಬದಲಾಗುವುದಾದರೆ, ಬೇಕಾದಲ್ಲಿ ಟ್ಯಾಪ್-ಆಫ್ ಬಾಕ್ಸ್ ಹಾಕಬಹುದಾದ ಬಸ್‌ಬಾರ್ ಟ್ರಂಕಿಂಗ್ ಅನುಕೂಲ.

3. ಹಲವು ಅಂತಸ್ತಿನ ಫಂಕ್ಷನ್ ಹಾಲ್: ಕೆಳಗಿನಿಂದ ಮೇಲಕ್ಕೆ ಹೋಗುವ ರೈಸಿಂಗ್ ಮೇನ್ಸ್ ಬೇಕು. ರಾತ್ರಿಯ ಮುಹೂರ್ತವಿದ್ದರೆ ಏಸಿ, ದೀಪಾಲಂಕಾರ, ಅಡುಗೆ ಮೂರೂ ಒಟ್ಟಿಗೆ ನಡೆಯುತ್ತವೆ. ಲೆಕ್ಕದಲ್ಲಿ ರಿಯಾಯಿತಿ ಬೇಡ.

4. ಬಯಲಿನ ಶಾಮಿಯಾನ: ತೆರೆದ ಬಸ್‌ಬಾರ್ ಬೋರ್ಡ್ ಖಂಡಿತ ಬೇಡ. ಬೀಗವಿರುವ, ಮಳೆ ನೀರು ಒಳಹೋಗದ ಪ್ಯಾನೆಲ್, ಅರ್ಥಿಂಗ್ ಹಾಗೂ ಪ್ಲಗ್ ಪಾಯಿಂಟ್‌ಗಳಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲೇಬೇಕು.

ತಾಮ್ರವೋ, ಅಲ್ಯೂಮಿನಿಯಮ್ಮೋ?

ಅಲ್ಯೂಮಿನಿಯಂ ಹಗುರ, ಅಗ್ಗ. ಆದರೆ ಅಷ್ಟೇ ಕರೆಂಟಿಗೆ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು ದಪ್ಪ ಬೇಕು. ಜಾಗವಿದ್ದ ಒಣ ಕೋಣೆಗೆ ಅದು ಸಾಕು. ಇಕ್ಕಟ್ಟಿನ ಜಾಗಕ್ಕೆ ತಾಮ್ರವೇ ಮೇಲು. ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ನೇರ ಜೋಡಣೆ ಬೇಡ; ತೇವ ತಾಗಿದರೆ ಕೀಲು ಸವೆಯುತ್ತದೆ. ಬೈಮೆಟಲ್ ಲಗ್ ಹಾಕಿಸಿ. ಬೋಲ್ಟ್ ಸಡಿಲವಾದರೂ ಅಪಾಯವೇ: ಕರೆಂಟ್ ಎರಡು ಪಟ್ಟಾದರೆ ಕೀಲಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ.

ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ

ಬಸ್‌ಬಾರ್‌ನ ಲೋಹ ಮತ್ತು ಅಳತೆ, ಎಷ್ಟು ಡಿಗ್ರಿ ಬಿಸಿಯಲ್ಲಿ ಎಷ್ಟು ಆಂಪಿಯರ್, ಐಪಿ ಸಂಖ್ಯೆ, ಮತ್ತು ಫೇಸ್‌ನಷ್ಟೇ ದಪ್ಪದ ನ್ಯೂಟ್ರಲ್. ಮಿಕ್ಸಿ, ಫ್ರಿಜ್‌ಗಳೆಲ್ಲ ಸಿಂಗಲ್ ಫೇಸ್ ಆದ್ದರಿಂದ ನ್ಯೂಟ್ರಲ್ ಮೇಲೆ ಭಾರ ಬೀಳುತ್ತದೆ. ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರ್‌ಗೇ ಕೊಡಿ. ಮದುವೆ ಸೀಸನ್ನಿಗೆ ಮೊದಲು ಪ್ರತಿ ವರ್ಷ ಅವರಿಂದಲೇ, ಮೇನ್ ಆಫ್ ಮಾಡಿಸಿ, ಬೋಲ್ಟ್‌ಗಳನ್ನು ಪರೀಕ್ಷೆ ಮಾಡಿಸಿ.