ಹಿತ್ತಲ ಹೊಸ ಕೊಳ: ಮೀನು ಬಿಡುವ ಮೊದಲು ನೀರು ಸಾಕಿ



ಕಳೆದ ವಾರ ದೊಡ್ಡತೋಗೂರಿನ ಒಬ್ಬ ಹುಡುಗ ಬೆಳಗ್ಗೆ ಆರು ಗಂಟೆಗೇ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದ. ಹಿತ್ತಲಲ್ಲಿ ಹೊಸದಾಗಿ ಕಟ್ಟಿಸಿದ ಸಿಮೆಂಟ್ ಕೊಳ, ನೀರು ತಳ ಕಾಣುವಷ್ಟು ತಿಳಿ. ಅದರ ಮೇಲೆ ಒಂಬತ್ತು ಮೀನು ಹೊಟ್ಟೆ ಮೇಲಾಗಿ ತೇಲ್ತಾ ಇವೆ. ಕೆಳಗೆ ಒಂದೇ ಸಾಲು: "ಅಣ್ಣ, ನೀರು ಕನ್ನಡಿ ಥರ ಇದೆ, ಆದ್ರೂ ಯಾಕೆ ಸತ್ವು?"

ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಹುಸ್ಕೂರು ಕಡೆ ಈಗ ಹಿತ್ತಲಲ್ಲಿ, ತೋಟದ ಮೂಲೆಯಲ್ಲಿ ಸಣ್ಣ ಕೊಳ ಮಾಡೋರು ಹೆಚ್ಚಾಗಿದ್ದಾರೆ. ಒಳ್ಳೆಯದೇ. ಮೀನು ಸೊಳ್ಳೆ ಮರಿ ತಿನ್ನುತ್ತೆ, ಕೊಳದ ನೀರು ಸೊಪ್ಪಿನ ಮಡಿಗೆ ಗೊಬ್ಬರ ಆಗುತ್ತೆ. ಆದರೆ ಹೊಸ ಕೊಳದಲ್ಲಿ ಮೀನು ಸಾಯೋದು ಹೆಚ್ಚಾಗಿ ಮೊದಲ ಒಂದೂವರೆ ತಿಂಗಳಲ್ಲೇ. ಕೊಲ್ಲೋದು ಕೊಕ್ಕರೆಯಲ್ಲ, ಬೆಕ್ಕಲ್ಲ. ನೀರೇ ಕೊಲ್ಲುತ್ತೆ. ಅದಕ್ಕೇ ಈ ವಾರದ ಪಾಠ ಇಷ್ಟೇ: ಮೊದಲು ನೀರು ಸಾಕಿ, ಆಮೇಲೆ ಮೀನು ಸಾಕಿ.

ಲೆಕ್ಕಕ್ಕೆ ಒಂದು ಕೊಳ ಇಟ್ಟುಕೊಳ್ಳೋಣ: 10 ಅಡಿ ಉದ್ದ, 8 ಅಡಿ ಅಗಲ, ಮೂರೂವರೆ ಅಡಿ ಆಳ. 280 ಘನ ಅಡಿ ಆಯ್ತು. ಒಂದು ಘನ ಅಡಿಗೆ 28.3 ಲೀಟರ್‌ನಂತೆ ಹತ್ತಿರ ಹತ್ತಿರ 8,000 ಲೀಟರ್. ನಿಮ್ಮ ಕೊಳದ ಲೆಕ್ಕವನ್ನೂ ಹೀಗೇ ಮಾಡಿ ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲದಕ್ಕೂ ಇದು ಬೇಕು.

1. ಸಿಮೆಂಟಿನ ಖಾರ ತೆಗೆಯಿರಿ

ಹೊಸ ಸಿಮೆಂಟ್ ನೀರಿಗೆ ಸುಣ್ಣ ಬಿಡುತ್ತೆ. ನೀರಿನ ಪಿಎಚ್ 10 ದಾಟಿ ಹೋಗಬಹುದು. ಮೀನಿಗೆ ಬೇಕಾಗಿರೋದು 7ರಿಂದ 8.5. ಇಷ್ಟು ಕ್ಷಾರದ ನೀರು ಮೀನಿನ ಕಿವಿರನ್ನು ಸುಡುತ್ತೆ. ನೋಡೋಕೆ ನೀರು ತಿಳಿಯಾಗೇ ಇರುತ್ತೆ, ಅದೇ ಮೋಸ.

ನಮ್ಮ ಹಿರಿಯರ ಉಪಾಯ ಈಗಲೂ ಕೆಲಸ ಮಾಡುತ್ತೆ. ಕೊಳ ತುಂಬಿಸಿ, ಬಾಳೆದಿಂಡಿನ ತುಂಡು ಹಾಕಿ ಒಂದು ವಾರ ಕೊಳೆಯಲು ಬಿಡಿ. ನೀರು ಖಾಲಿ ಮಾಡಿ, ಗೋಡೆ ಉಜ್ಜಿ ತೊಳೆಯಿರಿ. ಮತ್ತೆ ತುಂಬಿಸಿ ಒಂದು ವಾರ ಬಿಟ್ಟು ಖಾಲಿ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಪಿಎಚ್ ನೋಡಿ. 8.5ಕ್ಕಿಂತ ಕೆಳಗೆ ಬಂದು ಎರಡು ದಿನ ಅಲ್ಲೇ ನಿಂತರೆ ಮುಂದಿನ ಹೆಜ್ಜೆ. ಕೃಷಿ ಹೊಂಡಕ್ಕೆ ಹಾಸುವಂಥ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಈ ತೊಂದರೆ ಇಲ್ಲ, ಒಮ್ಮೆ ತೊಳೆದರೆ ಸಾಕು.

2. ನೀರು ಎಲ್ಲಿಂದ ಬಂತು?

ನಮ್ಮ ಕಡೆ ಹೆಚ್ಚಿನವರಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್. ಎರಡಕ್ಕೂ ಬೇರೆ ಬೇರೆ ಎಚ್ಚರಿಕೆ ಬೇಕು.

ಬೋರ್‌ವೆಲ್ ನೀರು ನೆಲದಾಳದಿಂದ ಬರೋದರಿಂದ ಅದರಲ್ಲಿ ಆಮ್ಲಜನಕ ತೀರಾ ಕಡಿಮೆ. ಪೈಪನ್ನು ನೀರೊಳಗೆ ಮುಳುಗಿಸಬೇಡಿ. ಎರಡು ಮೂರು ಅಡಿ ಮೇಲಿಂದ ಸುರಿಯುವಂತೆ ಕಟ್ಟಿ, ಆಮೇಲೆ ಎರಡು ದಿನ ಗಾಳಿಯಾಡಲು ಬಿಡಿ.

ಟ್ಯಾಂಕರ್ ನೀರಿನಲ್ಲಿ, ಕಾವೇರಿ ನೀರಿನಲ್ಲಿ ಕ್ಲೋರಿನ್ ಇರಬಹುದು. ಬಿಸಿಲಿಗೆ ತೆರೆದಿಟ್ಟರೆ ಒಂದೆರಡು ದಿನದಲ್ಲಿ ಹೋಗುತ್ತೆ. ಅವಸರ ಇದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಸೋಡಿಯಂ ಥಯೋಸಲ್ಫೇಟ್ ಬಳಸಿ. ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ಇರೋ 1,000 ಲೀಟರ್ ನೀರಿಗೆ ಸುಮಾರು 7 ಗ್ರಾಂ ಸಾಕು.

ರಸ್ತೆ ಚರಂಡಿ ನೀರು, ಪಕ್ಕದ ಸೈಟಿನಿಂದ ಹರಿದು ಬರೋ ನೀರು ಯಾವ ಕಾರಣಕ್ಕೂ ಕೊಳ ಸೇರಬಾರದು. ನಮ್ಮದು ಕೈಗಾರಿಕಾ ಪ್ರದೇಶ, ಅದರಲ್ಲಿ ಏನೇನಿರುತ್ತೋ ಹೇಳೋಕಾಗಲ್ಲ. ಕೊಳದ ಅಂಚು ನೆಲಕ್ಕಿಂತ ಒಂದಡಿ ಎತ್ತರ ಇರಲಿ.

3. ಕಣ್ಣಿಗೆ ಕಾಣದ ಕೆಲಸಗಾರರು

ಇದು ಪಾಠದ ಮುಖ್ಯ ಭಾಗ, ಸ್ವಲ್ಪ ನಿಧಾನಕ್ಕೆ ಓದಿ.

ಮೀನು ತನ್ನ ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾನೇ ಬರೋದು. ಅದು ವಿಷ. ಹಳೆಯ ಕೊಳದಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಅದು ಮೀನಿಗೆ ಅಷ್ಟು ಅಪಾಯವಲ್ಲ, ಗಿಡಕ್ಕಂತೂ ಊಟ.

ನಿಮಗೆ ಇದು ಹೊಸದೇನಲ್ಲ. ಹೊಲಕ್ಕೆ ಹಾಕಿದ ಗೊಬ್ಬರದ ಸಾರಜನಕ ಮಣ್ಣಿನಲ್ಲಿ ಬೇರಿಗೆ ಸಿಗೋ ಹಾಗೆ ಬದಲಾಗೋದೂ ಇಂಥ ಬ್ಯಾಕ್ಟೀರಿಯಾಗಳಿಂದಲೇ. ಆದರೆ ಹೊಸ ಮಣ್ಣಿನಲ್ಲೂ ಅವು ಇರ್ತವೆ, ಹೊಸ ಸಿಮೆಂಟ್ ಕೊಳದಲ್ಲಿ ಇರಲ್ಲ. ಕೊಳದಲ್ಲಿ ಅವು ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ದೊಡ್ಡತೋಗೂರಿನ ಹುಡುಗ ತುಂಬಿಸಿದ ಮೂರನೇ ದಿನಕ್ಕೇ 25 ಮೀನು ಬಿಟ್ಟಿದ್ದ. ಅವನ ಕೊಳದಲ್ಲಿ ಊಟ ಮಾಡೋರು ಬಂದಿದ್ದರು, ಎಲೆ ಎತ್ತೋರು ಇನ್ನೂ ಬಂದಿರಲಿಲ್ಲ.

ಬ್ಯಾಕ್ಟೀರಿಯಾ ಬೆಳೆಸೋದು ಹೀಗೆ:

• ಒಂದು ಡ್ರಮ್‌ಗೆ ಜಲ್ಲಿಕಲ್ಲು, ಹಳೆ ಶೇಡ್‌ನೆಟ್ ತುಂಡು ತುಂಬಿ ಫಿಲ್ಟರ್ ಮಾಡಿ. ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯೋಕೆ ಅದೇ ಮನೆ.

• ಎರಡು ಗಂಟೆಗೆ ಒಂದು ಸಲ ಪೂರ್ತಿ ನೀರು ಫಿಲ್ಟರ್ ಹಾದು ಬರಲಿ. ನಮ್ಮ ಲೆಕ್ಕದ ಕೊಳಕ್ಕೆ ಗಂಟೆಗೆ 4,000 ಲೀಟರ್ ಎತ್ತೋ ಪಂಪ್ ಬೇಕು. ರಾತ್ರಿ ಆಫ್ ಮಾಡಬೇಡಿ. ನೀರಿನ ಪಕ್ಕ ಕರೆಂಟ್ ಇರೋದರಿಂದ ಇಎಲ್‌ಸಿಬಿ ಹಾಕಿಸಲೇಬೇಕು.

• ಮೀನಿಲ್ಲದ ಕೊಳಕ್ಕೇ ದಿನಕ್ಕೆ ಒಂದು ಹಿಡಿ, ಅಂದರೆ 25ರಿಂದ 30 ಗ್ರಾಂ ಮೀನಿನ ಆಹಾರ ಹಾಕುತ್ತಾ ಬನ್ನಿ. ಅದು ಕೊಳೆತು ಬರೋ ಅಮೋನಿಯಾ ಬ್ಯಾಕ್ಟೀರಿಯಾಕ್ಕೆ ಆಹಾರ.

• ಗೊತ್ತಿರೋರ ಆರೋಗ್ಯವಾದ ಹಳೆ ಕೊಳ ಇದ್ದರೆ ಅವರ ಫಿಲ್ಟರಿನ ಒಂದು ಹಿಡಿ ಕಲ್ಲು ತಂದು ನಿಮ್ಮ ಡ್ರಮ್ಮಿಗೆ ಹಾಕಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ರೋಗ ಬಂದ ಕೊಳದಿಂದ ಮಾತ್ರ ತರಬೇಡಿ.

• ವಾರಕ್ಕೆ ಎರಡು ಸಲ ಟೆಸ್ಟ್ ಕಿಟ್‌ನಲ್ಲಿ ನೋಡಿ. ಮೊದಲು ಅಮೋನಿಯಾ ಏರುತ್ತೆ, ಆಮೇಲೆ ನೈಟ್ರೈಟ್ ಏರುತ್ತೆ, ಕೊನೆಗೆ ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಗೆ ಇಳಿಯುತ್ತೆ. ಆವತ್ತು ನಿಮ್ಮ ಕೊಳ ರೆಡಿ.

4. ನನ್ನದೇ ತಪ್ಪು: ಎರಡು ಮಂಕರಿ ಸಗಣಿ

ತೋಟಗಾರಿಕೆ ಓದಿದವನು, ಸಾವಯವ ಕೃಷಿಕ, ನನಗೆಲ್ಲಾ ಗೊತ್ತು ಅಂದುಕೊಂಡಿದ್ದೆ. ಮೊದಲ ಕೊಳ ಮಾಡಿದಾಗ "ಮೀನಿನ ಹೊಂಡಕ್ಕೆ ಸಗಣಿ ಹಾಕ್ತಾರೆ" ಅಂತ ಎರಡು ಮಂಕರಿ ಹಸಿ ಸಗಣಿ ಕದಡಿ ಸುರಿದೆ, ಸುಮಾರು 20 ಕೆ.ಜಿ. ಮೂರನೇ ದಿನ ಬೆಳಗಿನ ಜಾವ ಎದ್ದು ನೋಡಿದರೆ 30 ಗೆಂಡೆ ಮರಿಗಳು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದ್ದವು. ಹೊತ್ತು ಏರುವಷ್ಟರಲ್ಲಿ ನಾಲ್ಕು ಉಳಿದವು.

ಆಮೇಲೆ ಕೂತು ಲೆಕ್ಕ ಹಾಕಿದೆ. ದೊಡ್ಡ ಹೊಂಡಗಳಿಗೆ ಹೇಳೋದು ಹೆಕ್ಟೇರಿಗೆ ವರ್ಷಕ್ಕೆ 10ರಿಂದ 15 ಟನ್, ಅದೂ ಕಂತಿನಲ್ಲಿ. ಅಂದರೆ ಒಂದು ಚದರ ಮೀಟರಿಗೆ ವರ್ಷಕ್ಕೆ ಒಂದರಿಂದ ಒಂದೂವರೆ ಕೆ.ಜಿ. ನನ್ನ ಕೊಳ ಏಳೂವರೆ ಚದರ ಮೀಟರ್ ಕೂಡ ಇರಲಿಲ್ಲ. ಎರಡು ವರ್ಷದ ಗೊಬ್ಬರವನ್ನು ಒಂದೇ ದಿನ ಸುರಿದಿದ್ದೆ. ಸಗಣಿ ಕೊಳೆಯೋಕೆ ನೀರಿನ ಆಮ್ಲಜನಕವೆಲ್ಲ ಖರ್ಚಾಗಿತ್ತು.

ಹಿತ್ತಲ ಕೊಳಕ್ಕೆ ಸಗಣಿ ಬೇಡ, ಜೀವಾಮೃತವೂ ಬೇಡ. ಅವು ಮಣ್ಣಿಗೆ ಇರಲಿ.

5. ಬೆಳಗಿನ ಜಾವದ ಗಂಡಾಂತರ

ಹಗಲು ಪಾಚಿ ಮತ್ತು ನೀರುಗಿಡಗಳು ಆಮ್ಲಜನಕ ಕೊಡ್ತವೆ. ರಾತ್ರಿ ಅವೂ ಉಸಿರಾಡ್ತವೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರೋದು ಸೂರ್ಯ ಹುಟ್ಟೋ ಸ್ವಲ್ಪ ಮುಂಚೆ. ಲೀಟರಿಗೆ 5 ಮಿ.ಗ್ರಾಂ ಇದ್ದರೆ ಕ್ಷೇಮ, 3ಕ್ಕಿಂತ ಇಳಿದರೆ ಮೀನಿಗೆ ಕಷ್ಟ.

ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳೋ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಇದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರೋದರಿಂದ ನಮಗೆ ಇನ್ನೂ ಶೇ 10ರಷ್ಟು ಕಡಿಮೆ. ಮಾರ್ಚ್, ಏಪ್ರಿಲ್‌ನಲ್ಲಿ ಇದೇ ಗಂಡಾಂತರ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಿದ್ದು ನೆನಪಿರಬಹುದು. ಕೊಳಚೆ ಸೇರಿದ ನೀರು, ಬೇಸಿಗೆ ಬಿಸಿ, ಆಮ್ಲಜನಕದ ಕೊರತೆ. ಅಷ್ಟು ದೊಡ್ಡ ಕೆರೆಗೇ ಹಾಗಾದರೆ ನಮ್ಮ 8,000 ಲೀಟರ್ ಯಾವ ಲೆಕ್ಕ?

ಕೊಳದ ಮೂರನೇ ಒಂದು ಭಾಗಕ್ಕೆ ನೈದಿಲೆ ಅಥವಾ ಶೇಡ್‌ನೆಟ್ ನೆರಳು ಕೊಡಿ. ಪೂರ್ತಿ ಮುಚ್ಚಬೇಡಿ. ಕರೆಂಟ್ ಹೋದಾಗ ಓಡೋ ಬ್ಯಾಟರಿ ಏರೇಟರ್ ಒಂದು ಇರಲಿ. ಮೀನು ಮೇಲೆ ಬಂದು ಬಾಯಿ ಬಿಡ್ತಾ ಇದ್ದರೆ ಆಹಾರ ನಿಲ್ಲಿಸಿ, ಕಾಲು ಭಾಗ ನೀರು ತೆಗೆದು, ಗಾಳಿಯಾಡಿಸಿಟ್ಟ ಹೊಸ ನೀರನ್ನು ಶವರ್ ಥರ ಮೇಲಿಂದ ಸುರಿಯಿರಿ. ಏನೂ ಇಲ್ಲದಿದ್ದರೆ ಮಗ್‌ನಲ್ಲಿ ಮೊಗೆದು ಮೊಗೆದು ಎತ್ತರದಿಂದ ಹೊಯ್ಯಿರಿ. ಅದೂ ಜೀವ ಉಳಿಸುತ್ತೆ.

6. ಮೀನು ಬಿಡೋ ದಿನ

ಮೊದಲ ಸಲ ಐದಾರು ಮೀನು ಸಾಕು. ಮೂರು ವಾರ ನೋಡಿ ಆಮೇಲೆ ಇನ್ನಷ್ಟು. ನಮ್ಮ ಲೆಕ್ಕದ ಕೊಳಕ್ಕೆ ಫಿಲ್ಟರ್ ಇದ್ದರೂ ಗೋಲ್ಡ್‌ಫಿಶ್ 20 ದಾಟಬಾರದು, ಕೊಯ್ ಆದರೆ ಏಳೆಂಟು. ಆಫ್ರಿಕನ್ ಕ್ಯಾಟ್‌ಫಿಶ್ ತರಬೇಡಿ, ಅದರ ಸಾಕಣೆ ನಮ್ಮ ದೇಶದಲ್ಲಿ ನಿಷೇಧ. ಬೇಡವಾದ ಅಲಂಕಾರಿಕ ಮೀನನ್ನು ಕೆರೆಗೆ ಬಿಡೋದೂ ತಪ್ಪು.

ತಂದ ಕವರನ್ನು ಸಂಜೆ ತಂಪು ಹೊತ್ತಲ್ಲಿ 20 ನಿಮಿಷ ಕೊಳದ ಮೇಲೆ ತೇಲಿಬಿಡಿ. ಬಾಯಿ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಒಂದು ಲೋಟ ಕೊಳದ ನೀರು ಸೇರಿಸಿ. ನಾಲ್ಕೈದು ಸಲ ಆದ ಮೇಲೆ ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಕೊಳಕ್ಕೆ ಬೇಡ.

ದಿನಾ ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಮನೆಗೆ ಬಂದ ನೆಂಟರ ಮಕ್ಕಳು ಕಡ್ಲೆಪುರಿ, ಬ್ರೆಡ್ ಎಸೀತಾರೆ. ಪ್ರೀತಿಯಿಂದಲೇ ತಡೀರಿ.

7. ಹೊರಗಿನ ಶತ್ರುಗಳು

ಕೊಕ್ಕರೆ ಅಂಚಿನಲ್ಲಿ ನಿಂತು ಬೇಟೆಯಾಡುತ್ತೆ. ಅಂಚು ಇಳಿಜಾರಾಗಿರದೆ ನೇರವಾಗಿ ಎರಡು ಅಡಿ ಇಳಿದಿದ್ದರೆ ಅದಕ್ಕೆ ಕಾಲೂರಲು ಜಾಗ ಸಿಗಲ್ಲ. ಮಿಂಚುಳ್ಳಿಗೆ ಮೇಲೆ ಬಲೆ ಬೇಕು. ನೀರಿಗಿಂತ ಒಂದಡಿ ಮೇಲೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಲೆಗೆ ಹಕ್ಕಿ, ಹಾವು ಸಿಕ್ಕಿ ಸಾಯ್ತವೆ. ನೀರೊಳ್ಳೆ ಹಾವಿಗೆ ವಿಷವಿಲ್ಲ, ಹೊಡೀಬೇಡಿ. ತಳದಲ್ಲಿ ಒಡೆದ ಮಡಕೆ, ಪೈಪಿನ ತುಂಡು ಇಟ್ಟರೆ ಮೀನಿಗೆ ಅಡಗಲು ಮನೆ ಆಗುತ್ತೆ. ಮಳೆಗಾಲಕ್ಕೆ ಮುಂಚೆ ಹೆಚ್ಚಾದ ನೀರು ಹೋಗೋ ಪೈಪಿಗೆ ಜಾಲರಿ ಕಟ್ಟಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸುತ್ತ ಬೇಲಿ ಹಾಕದೆ ನೀರು ತುಂಬಿಸಲೇಬೇಡಿ.

ಲೇಔಟ್‌ಗಳಲ್ಲಿ ಸೊಳ್ಳೆಗೆ ಹೊಗೆ ಹೊಡೀತಾರಲ್ಲ, ಅದರಲ್ಲಿ ಬಳಸೋ ಪೈರೆಥ್ರಾಯ್ಡ್ ಔಷಧಿ ಮೀನಿಗೆ ಕಡು ವಿಷ. ಗಾಡಿ ಸದ್ದು ಕೇಳಿದರೆ ಟಾರ್ಪಾಲ್ ಎಳೆಯಿರಿ, ಹೊಗೆ ಹೋದ ಮೇಲೆ ತೆಗೆಯಿರಿ. ಸಾವಯವದವರಿಗೂ ಒಂದು ಮಾತು: ಗಿಡಮೂಲಿಕೆ ಅಂದ ಮಾತ್ರಕ್ಕೆ ಮೀನಿಗೆ ಒಳ್ಳೆಯದಲ್ಲ. ಅಂಟುವಾಳದ ನೊರೆ ಕಿವಿರು ಕೆಡಿಸುತ್ತೆ, ಹೊಗೆಸೊಪ್ಪಿನ ಕಷಾಯ, ಬೇವಿನೆಣ್ಣೆ ಕೂಡ ಅಪಾಯ. ಸ್ಪ್ರೇ ಡಬ್ಬ, ಕೈ, ಯಾವುದನ್ನೂ ಕೊಳದಲ್ಲಿ ತೊಳೀಬೇಡಿ.

ಈ ವಾರದ ಕೆಲಸ

ಕೊಳ ಕಟ್ಟಿಸಿದ್ದರೆ ಪಿಎಚ್ ನೋಡಿ. ಮೀನು ಬಿಟ್ಟಾಗಿದ್ದರೆ ಇವತ್ತಿಂದ ಆಹಾರ ಅರ್ಧ ಮಾಡಿ, ಅಮೋನಿಯಾ ನೋಡಿ, ದಿನ ಬಿಟ್ಟು ದಿನ ಶೇ 20ರಷ್ಟು ನೀರು ಬದಲಿಸಿ. ತೆಗೆದ ನೀರು ಸೊಪ್ಪಿನ ಮಡಿಗೆ ಹೋಗಲಿ. ಫೋನ್‌ನಲ್ಲಿ ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟು ಒಂದು ವಾರ ಎದ್ದು ಕೊಳ ನೋಡಿ. ಆ ಐದು ನಿಮಿಷದಲ್ಲಿ ಗೊತ್ತಾಗೋದು ಮಧ್ಯಾಹ್ನ ಇಡೀ ಕೂತು ನೋಡಿದರೂ ಗೊತ್ತಾಗಲ್ಲ. ಹೆಚ್ಚಿನ ಸಲಹೆ ಬೇಕಾದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನು, ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರನ್ನು ಕೇಳಬಹುದು.

ಆ ಹುಡುಗನ ಕೊಳದಲ್ಲಿ ಹದಿನಾರು ಮೀನು ಇನ್ನೂ ಬದುಕಿವೆ. ಹನ್ನೊಂದನ್ನು ಪಕ್ಕದ ಹಳೆ ಕೊಳದವರ ಹತ್ತಿರ ಬಿಟ್ಟು ಬಂದಿದ್ದಾನೆ, ಐದನ್ನು ಉಳಿಸಿಕೊಂಡಿದ್ದಾನೆ. ನಿನ್ನೆ ಮತ್ತೆ ಫೋಟೊ ಬಂತು. ಅಮೋನಿಯಾ ಇಳೀತಾ ಇದೆ, ಈಗ ನೈಟ್ರೈಟ್ ಏರ್ತಾ ಇದೆ. "ಇನ್ನೆಷ್ಟು ದಿನ ಅಣ್ಣಾ?" ಅಂತ ಕೇಳಿದ. ಇನ್ನೊಂದು ಮೂರು ವಾರ ನೀರು ಸಾಕಪ್ಪ, ಆಮೇಲೆ ಮೀನು ತಾನಾಗೇ ಬೆಳೆಯುತ್ತೆ ಅಂದೆ.

ನಿಮ್ಮ ಕೊಳದ ಅಳತೆ, ನೀರಿನ ಮೂಲ, ಪಿಎಚ್ ಬರೆದು ಕಳಿಸಿ. ಮುಂದಿನ ವಾರ ಕೊಳದ ನೀರಲ್ಲಿ ದಂಟು, ಪಾಲಕ್ ಬೆಳೆಯೋದು ಹೇಗೆ ಅಂತ ನೋಡೋಣ.